ಹಿಂದಿನ ಎಡಮೂಲೆ

ಎಲ್ಲಕ್ಕೂ ಮೂಲ ಒಂದು ಪೋಸ್ಟರು. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನ ಎದುರು ಗೋಡೆಗೆ ಯಾರೋ ಪುಣ್ಯಾತ್ಮರು ಅದನ್ನು ಅಂಟಿಸಿ ಹೋಗಿದ್ದರು. ಬೋಟಿನ ಹಿಂದೆ ಎದ್ದ ಅಲೆಯ ಮೇಲೆ ಒಬ್ಬ ಹಲಗೆಯಿಟ್ಟು ನಿಂತಿದ್ದಾನೆ. ಕೈಯಲ್ಲಿ ಹಗ್ಗವಿಲ್ಲ, ಮುಖದಲ್ಲಿ ಚಿಂತೆಯಿಲ್ಲ. ಕೌಂಟರಿನೊಳಗಿನ ಗುಮಾಸ್ತರು ಅದನ್ನು ನಾಲ್ಕು ವರ್ಷ ನೋಡಿದರು. ಇಪ್ಪತ್ತೆರಡು ವರ್ಷದಿಂದ ಅವರು ಮಾಡಿಕೊಂಡು ಬಂದದ್ದು ಎರಡೇ ಕೆಲಸ: ಕೂರುವುದು, ಬಂದವರಿಗೆಲ್ಲ ಎಲ್ಲಿಗೆ ಹೇಗೆ ಹೋಗಬೇಕೆಂದು ಹೇಳುವುದು. ತಾವು ಮಾತ್ರ ಎಲ್ಲಿಗೂ ಹೋದವರಲ್ಲ. ಕೂತು ಕೂತು ಮೈತೂಕ ನೂರಾ ಹನ್ನೆರಡು ಕಿಲೋ ಮುಟ್ಟಿತ್ತು. ಸಾಯುವುದರೊಳಗೆ ಒಂದು ಸಲ, ಐದೇ ನಿಮಿಷ, ನೀರಿನ ಮೇಲೆ ಎದ್ದು ನಿಲ್ಲಬೇಕೆಂಬ ಹುಚ್ಚು ಅವರಿಗೆ ಹತ್ತಿಕೊಂಡಿತು.

ಹುಚ್ಚಿದ್ದರೂ ಅಚ್ಚುಕಟ್ಟಿತ್ತು. ಕೌಂಟರಿಗೆ ಬಂದ ಪ್ರವಾಸಿಗರನ್ನೆಲ್ಲ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ವೇಕ್‌ಬೋರ್ಡಿಂಗ್ ಎಂದರೆ ಕಾಲನ್ನು ಹಲಗೆಗೆ ಬಿಗಿದುಕೊಂಡು ಹಗ್ಗ ಹಿಡಿಯಬೇಕು, ಬೋಟು ದರದರ ಎಳೆದುಕೊಂಡು ಹೋಗುತ್ತದೆ. ವೇಕ್‌ಸರ್ಫಿಂಗ್ ಹಾಗಲ್ಲ, ಬೋಟು ನಿಧಾನ, ಎದ್ದು ನಿಂತ ಮೇಲೆ ಹಗ್ಗ ಬಿಟ್ಟು ಬರೀ ಅಲೆಯ ಮೇಲೆ ಸಾಗಬಹುದು. ಅವರಿಗೆ ಬೇಕಾದದ್ದು ಇದು. ಇದಕ್ಕೆ ಗಾಳಿಯಿಲ್ಲದ ಆಳದ ನೀರು ಬೇಕು, ಹಿಂಭಾಗದಲ್ಲಿ ತೂಕ ತುಂಬಿದ ಬೋಟು ಬೇಕು. ‘ಹಿಂದೆ ಭಾರ ಇದ್ದಷ್ಟೂ ಅಲೆ ದೊಡ್ಡದು’ ಎಂದು ಬರೆದು ಎರಡು ಅಡಿಗೆರೆ ಎಳೆದಿದ್ದರು. ಇದೆಲ್ಲ ಕೂಡಿಬರುವ ಜಾಗ ಒಂದೇ ಒಂದು, ಎರಡು ಗಂಟೆ ದಾರಿಯ ದೊಡ್ಡ ಕೆರೆ.

ಅವರು ಮಾಡಿದ ತಪ್ಪೆಂದರೆ ಶನಿವಾರ ಸಂಜೆ ಹಿತ್ತಿಲಲ್ಲಿ ನಿಂತು ಇದನ್ನು ಹೆಂಡತಿಗೆ ಹೇಳಿದ್ದು. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಕಾಂಪೌಂಡಿನ ಆಚೆ ಗಿಡಕ್ಕೆ ನೀರು ಹಾಕುತ್ತಿದ್ದರು. ಹೆಂಡತಿ ಒಳಗೆ ಹೋಗಿ ತಮ್ಮನಿಗೆ ಫೋನು ಮಾಡಿದಳು. ಭಾನುವಾರ ಬೆಳಿಗ್ಗೆ ಏಳಕ್ಕೆ ಭಾಮೈದನ ಕಾರು ಬಾಗಿಲಲ್ಲಿತ್ತು, ಅದರ ಮುಂದಿನ ಸೀಟಿನಲ್ಲಿ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು ಮೇಷ್ಟ್ರು ಕೂತಿದ್ದರು. ಹೆಂಡತಿಯೂ ಹಿಂದೆ ಹತ್ತಿ ಕೂತಳು.

ಗುಮಾಸ್ತರು ನೋಟ್‌ಬುಕ್ಕು ತೆಗೆದರು. ಭಾಮೈದ ಅದರ ಕಡೆ ತಿರುಗಿಯೂ ನೋಡಲಿಲ್ಲ.

“ಭಾವ, ನೀವು ಕೂತ್ಕೊಂಡು ಹೇಳೋರು, ನಾನು ಕಣ್ಣಾರೆ ನೋಡಿರೋನು,” ಎಂದು ಕಾರನ್ನು ನೇರ ನದೀಮುಖಕ್ಕೆ ಹೊಡೆದ.

ಅಲ್ಲಿ ಗಾಳಿ ಟೋಪಿ ಹಾರಿಸುವಷ್ಟಿತ್ತು, ಇದ್ದದ್ದು ಹಗ್ಗ ಎಳೆಯುವ ಬೋಟು. ಇದು ಬೇರೆ ಆಟ ಎಂದು ಗುಮಾಸ್ತರು ಬಡಕೊಂಡರೂ ಕೇಳದೆ ಅವರ ಕಾಲಿಗೆ ಹಲಗೆ ಬಿಗಿದು ನೀರಿಗಿಳಿಸಿದರು. ಬೋಟು ಹೊರಟಿತು, ಗುಮಾಸ್ತರು ಹೊರಡಲಿಲ್ಲ. ಹಗ್ಗದ ಹಿಡಿ ಮಾತ್ರ ಕುಣಿಯುತ್ತ ಬೋಟಿನ ಹಿಂದೆ ಓಡಿತು. ಅರ್ಧ ಲೋಟ ಉಪ್ಪುನೀರು ಕುಡಿದು ಮೇಲೆ ಬಂದವರಿಗೆ ಭಾಮೈದ, ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು ಎಂದು ಬುದ್ಧಿ ಹೇಳಿದ.

ಆಮೇಲೆ ಮೇಷ್ಟ್ರ ಸರದಿ. ಬೋಟೇ ದಂಡ, ತಾವು ಬಲ್ಲ ಕೊಳವೊಂದರಲ್ಲಿ ಕಂಬದಿಂದ ಕಂಬಕ್ಕೆ ಕಟ್ಟಿದ ತಂತಿಯೇ ಎಳೆಯುತ್ತದೆ ಎಂದು ಒಂದೂವರೆ ಗಂಟೆ ಸುತ್ತಿಸಿದರು. ಅಲ್ಲಿ ಅರವತ್ತು ಜನರ ಸಾಲಿತ್ತು. ಸಾಲು ಸೊಟ್ಟಗಿರುವುದು ಮೇಷ್ಟ್ರಿಗೆ ಸಹಿಸಲಾಗಲಿಲ್ಲ. ಸೀಟಿ ಊದಿ, ಎತ್ತರದ ಪ್ರಕಾರ ಎಲ್ಲರನ್ನೂ ಮರುಜೋಡಿಸತೊಡಗಿದರು. ಹತ್ತು ನಿಮಿಷದಲ್ಲಿ ಕೊಳದ ಮಾಲೀಕ ನಾಲ್ವರನ್ನೂ ಗೇಟಿನಿಂದಾಚೆ ಬಿಟ್ಟುಬಂದ.

ಗುಮಾಸ್ತರಿಗೆ ತಲೆ ಚಿಟ್ಟು ಹಿಡಿದುಹೋಯಿತು. ಒದ್ದೆ ಚಡ್ಡಿಯಲ್ಲೇ ರಸ್ತೆಯ ಬದಿ ನಿಂತು, ಮದುವೆಯಾದಾಗಿನಿಂದ ಎತ್ತದ ದನಿ ಎತ್ತಿದರು.

“ದಿನಾ ಸಾವಿರ ಜನ ನನ್ನ ಮಾತು ನಂಬಿ ಬಸ್ ಹತ್ತುತ್ತಾರೆ. ಒಂದು ದಿನ ನೀವು ಮೂರು ಜನ ನಂಬಿದ್ರೆ ಯಾರಪ್ಪನ ಗಂಟು ಹೋಗುತ್ತೆ?”

ಮೇಷ್ಟ್ರೂ ಇದ್ದಾರೆಂದು ಹೆಂಡತಿ ಕಣ್ಣುಸನ್ನೆ ಮಾಡಿದಳು. ಆದರೂ ಕಾರು ಕೆರೆಯ ಕಡೆ ತಿರುಗಿತು.

ನಾಲ್ಕು ಗಂಟೆಗೆ ತಲುಪಿದರು. ನೋಟ್‌ಬುಕ್ಕಿನಲ್ಲಿ ಬರೆದಂತೆಯೇ ನೀರು, ಬರೆದಂತೆಯೇ ಬೋಟು. ಬೋಟಿನ ಒಡತಿ ಮಾತ್ರ ಮುಖ ಸಪ್ಪಗೆ ಮಾಡಿ ಕೂತಿದ್ದರು. ಬೋಟಿನ ಹಿಂಭಾಗದ ಚೀಲಗಳಿಗೆ ನೀರು ತುಂಬಿ ಭಾರ ಕೊಡುವ ಪಂಪು ಬೆಳಿಗ್ಗೆ ಕೆಟ್ಟಿದೆ. ಹಿಂದಿನ ಎಡಮೂಲೆಗೆ ತೂಕ ಬೀಳದೆ ಅಲೆ ಏಳುವುದಿಲ್ಲ ಎಂದು ವಿವರಿಸುತ್ತಿದ್ದವರು ಗುಮಾಸ್ತರನ್ನು ಕಂಡು ಅರ್ಧಕ್ಕೆ ನಿಲ್ಲಿಸಿದರು. ಕಳೆದುಹೋದ ಸಾಮಾನು ಸಿಕ್ಕಿದ ಹಾಗೆ ಅವರ ಮುಖ ಅರಳಿತು.

“ಸಾರ್, ಸ್ವಲ್ಪ ಆ ಮೂಲೇಲಿ ಕೂತ್ಕೊಳ್ತೀರಾ?”

ಗುಮಾಸ್ತರು ಕೂತರು. ಬೋಟು ಹೊರಟಿತು. ಹಿಂದೆ ಎದೆಮಟ್ಟದ ಅಲೆ ನುಣುಪಾಗಿ ಎದ್ದು ಬಂತು, ಥೇಟ್ ಪೋಸ್ಟರಿನದು. ಇದು ನನ್ನಿಂದ ಎಂದು ಅವರಿಗೆ ಮೊದಲು ಹೆಮ್ಮೆಯೇ ಆಯಿತು. ಭಾಮೈದ ಅದರ ಮೇಲೆ ಇಪ್ಪತ್ತು ನಿಮಿಷ ಮೆರೆದ. ಮೇಷ್ಟ್ರು ಸಾವಧಾನ್ ಭಂಗಿಯಲ್ಲಿ ನಿಂತು ದಡಕ್ಕೆ ಸಲ್ಯೂಟ್ ಹೊಡೆದರು. ಬಕೆಟ್ಟಿನ ನೀರಿಗೂ ಹೆದರುವ ಹೆಂಡತಿ, ಸೀರೆ ಬಿಟ್ಟು ಚೂಡಿದಾರ್ ತೊಟ್ಟು ಬಂದದ್ದು ಏಕೆಂದು ಈಗ ತಿಳಿಯಿತು. ಅವಳು ಎರಡನೇ ಯತ್ನಕ್ಕೇ ನಿಂತಳು. ಫೋಟೋ ತೆಗೆಯಲು ಗುಮಾಸ್ತರು ಎದ್ದದ್ದೇ ತಡ, ಅಲೆ ಕುಸಿದು ಅವಳು ಮುಳುಗಿದಳು. ಮೇಲೆ ಬಂದವಳು ಹೇಳಿದ ಮೊದಲ ಮಾತು, ಒಂದು ದಿನವಾದರೂ ನೆಟ್ಟಗೆ ಕೂತಿರಲು ಆಗುವುದಿಲ್ಲವೇ ಎಂದು.

ಐದು ಗಂಟೆಗೆ ಗುಮಾಸ್ತರ ಸರದಿ ಬಂತು. ಲೈಫ್ ಜಾಕೆಟ್ಟಿನ ಕೊಂಡಿಗಳನ್ನು ಇಬ್ಬರು ಸೇರಿ ಹಾಕಿದರು. ಉಳಿದ ಮೂವರಲ್ಲಿ ಎಡಮೂಲೆಗೆ ಹಿಡಿಸಿದ್ದು ಇಬ್ಬರೇ, ಇಬ್ಬರೂ ಒಣಕಲು. ಬೋಟು ಎಷ್ಟು ಸಲ ಎಳೆದರೂ ಗುಮಾಸ್ತರ ಸೊಂಟ ನೀರು ಬಿಟ್ಟು ಮೇಲೆ ಬರಲಿಲ್ಲ.

ಒಡತಿ ಎಂಜಿನ್ನು ನಿಲ್ಲಿಸಿದರು. “ತಪ್ಪು ತಿಳ್ಕೋಬೇಡಿ ಸಾರ್. ನಿಮ್ಮನ್ನ ಎತ್ತೋ ಅಲೆ ಬೇಕಂದ್ರೆ ನಿಮ್ಮಂಥೋರೇ ಇನ್ನೊಬ್ಬರು ಹಿಂದೆ ಕೂತಿರಬೇಕು.”

ಗುಮಾಸ್ತರು ಕಣ್ಣಲ್ಲಿ ನೀರು ತುಂಬಿಕೊಂಡು ದಡ ಹತ್ತಿದರು. ಹತ್ತಿ ನೋಡುತ್ತಾರೆ, ಎದುರಿಗೆ ಇನ್ನೊಬ್ಬರು ನಿಂತಿದ್ದಾರೆ: ತಮ್ಮದೇ ಅಳತೆ, ತಮ್ಮದೇ ಅಗಲ. ಗುಮಾಸ್ತರು ಓಡಿಹೋಗಿ ಅವರ ಎರಡೂ ಕೈ ಹಿಡಿದುಕೊಂಡು, ಐದೇ ನಿಮಿಷ ಬೋಟಿನ ಮೂಲೆಯಲ್ಲಿ ಕೂರಬೇಕೆಂದು ಬೇಡಿಕೊಂಡರು. ಆ ಮಹಾಶಯರು ಅವರನ್ನೇ ದಿಟ್ಟಿಸಿದರು.

“ಸ್ವಾಮಿ, ನೀವು ವಿಚಾರಣೆ ಕೌಂಟರಿನವರಲ್ವಾ? ಈ ಜಾಗ ಹೇಳಿದ್ದೇ ನೀವು. ನಿಮ್ಮ ಮಾತು ನಂಬಿ ಐದೂವರೆ ಗಂಟೆಯ ಸುತ್ತು ಬುಕ್ ಮಾಡಿದೀನಿ. ಮೊದಲು ನೀವು ಕೂತ್ಕೊಳ್ಳಿ, ಆಮೇಲೆ ನಾನು ಕೂತ್ಕೋತೀನಿ.”

ನ್ಯಾಯವಾದ ಮಾತು. ಗುಮಾಸ್ತರು ಮತ್ತೆ ಎಡಮೂಲೆ ಹಿಡಿದರು. ಮಹಾಶಯರು ಏಳು ಸಲ ಬಿದ್ದರು. ಪ್ರತಿ ಸಲ ಬಿದ್ದಾಗಲೂ ಗುಮಾಸ್ತರು ಗಡಿಯಾರ ನೋಡಿಕೊಂಡು ಹಲ್ಲು ಕಚ್ಚಿದರು. ಎಂಟನೆಯ ಸಲ ಮಹಾಶಯರು ಎದ್ದು ನಿಂತರು, ಹಗ್ಗ ಬಿಟ್ಟರು, ಎರಡೂ ಕೈ ಚಾಚಿದರು. ಅಷ್ಟು ಸಿಟ್ಟಿನಲ್ಲೂ ಗುಮಾಸ್ತರು ಚಪ್ಪಾಳೆ ತಟ್ಟಿದರು.

ದಡ ಮುಟ್ಟಿದಾಗ ಸರಿಯಾಗಿ ಆರು. ಒಡತಿ ಬೋಟಿನ ಕೀ ತೆಗೆದು ಜೇಬಿಗೆ ಹಾಕಿಕೊಂಡರು.

“ಆರರ ಮೇಲೆ ನೀರಿಗಿಳಿಯೋ ಹಾಗಿಲ್ಲ ಸಾರ್.”

ಇಪ್ಪತ್ತೆರಡು ವರ್ಷ, ಓಡೋಡಿ ಬಂದವರಿಗೆ ಬಸ್ಸು ಹೋಯಿತು, ಇನ್ನು ನಾಳೆಗೇ ಎಂದು ತಣ್ಣಗೆ ಹೇಳಿದವರು ಗುಮಾಸ್ತರು. ಅವರು ಒಡತಿಯನ್ನು ಬಿಟ್ಟು ಮಹಾಶಯರ ಕಡೆ ತಿರುಗಿದರು. ಮುಂದಿನ ಭಾನುವಾರ ಬರುತ್ತೀರಾ ಎಂದು ಕೇಳಿದರು. ಜನ್ಮಕ್ಕೆ ಒಂದು ಸಲ ಸಾಕು, ಇನ್ನು ನೀರಿನ ಸಹವಾಸವೇ ಬೇಡ ಎಂದು ಅವರು ಕೈ ಕುಲುಕಿ ಹೊರಟೇಹೋದರು.

ಅಷ್ಟರಲ್ಲಿ ಹೆಂಡತಿ ಒಡತಿಯ ಜೊತೆ ಮಾತು ಮುಗಿಸಿ ನಗುತ್ತ ಬಂದಳು.

“ರೀ, ಪಂಪ್ ರಿಪೇರಿಗೆ ಇನ್ನೂ ಎರಡು ತಿಂಗಳಂತೆ. ಅಲ್ಲೀವರೆಗೂ ಭಾನುವಾರ ನೀವು ಆ ಮೂಲೇಲಿ ಕೂತಿದ್ರೆ ನಮಗೆಲ್ಲ ಬಿಟ್ಟಿ ಸವಾರಿ. ಒಪ್ಕೊಂಡುಬಿಟ್ಟೆ. ಹೇಗೂ ನಿಮಗೆ ಕೂತು ಅಭ್ಯಾಸ.”

ಮೇಷ್ಟ್ರು ಸೀಟಿ ಊದಿದರು. ಭಾಮೈದ ಕಾರಿನ ಬಾಗಿಲು ತೆಗೆದು ಹಿಡಿದು, ಗುಮಾಸ್ತರನ್ನು ಹಿಂದಿನ ಸೀಟಿನ ಎಡಮೂಲೆಗೆ ಕೂರಿಸಿದ.