ಸುಳ್ಳು ಯಂತ್ರದ ಏದುಸಿರು

ಆಳಂದದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದೆ. ಮೊರದ ಒಂದು ಬದಿ ಹಸನಾಗಿತ್ತು, ಇನ್ನೊಂದು ಬದಿ ಬಾಕಿ ಇತ್ತು. ಅಷ್ಟರಲ್ಲಿ ನಮ್ಮನೆಯವರು ಕಿರಾಣಿ ಅಂಗಡಿಯ ಫೋನಿನಿಂದ ಸುದ್ದಿ ಹೊತ್ತು ತಂದರು.

“ಜೇವರ್ಗಿಯಿಂದ ನಿಮ್ಮ ಭಾವ ಮಾತಾಡಿದ್ರು. ಅವರ ಕಂಪ್ಯೂಟರ್ ಬಂದ್ ಬಿದ್ದದಂತ. ಇನ್ನ ಏಳೂದಿಲ್ಲಂತ.”

ಕಂಪ್ಯೂಟರ್ ಕೆಟ್ಟಿತೆಂದು ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ. ಮೊರವನ್ನು ಮೂಲೆಗೆ ಸರಿಸಿ, ಕಣ್ಣೊರೆಸಿಕೊಂಡು, ಚೀಲದಲ್ಲಿ ಎರಡು ಸೀರೆ ತುರುಕತೊಡಗಿದೆ.

ಯಾಕೆಂದು ಹೇಳುವ ಮೊದಲು ನಮ್ಮ ಭಾವನನ್ನು ನಿಮಗೆ ತೋರಿಸಬೇಕು. ಈ ಮನುಷ್ಯ ಬಿಸಿ ಚಹಾ ಕುಡಿದದ್ದನ್ನು ಕಂಡವರು ಇಡೀ ಜೇವರ್ಗಿ ತಾಲೂಕಿನಲ್ಲಿ ಇಲ್ಲ! ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ನೀರು ಯಾವಾಗ ಕುದಿಯುತ್ತದೆ, ಯಾವಾಗ ತಣಿಯುತ್ತದೆ ಎಂದು ಊರ ಮಕ್ಕಳಿಗೆಲ್ಲ ಕಲಿಸುವವರಿಗೆ ತಮ್ಮ ಮುಂದಿನ ಕಪ್ಪು ಮಾತ್ರ ಕಾಣುವುದಿಲ್ಲ. ನಮ್ಮಕ್ಕ ಅಫಜಲಪುರದ ತವರು ಬಿಟ್ಟು ಆ ಮನೆ ಸೇರಿದ ದಿನದಿಂದ “ಚಾ ಆರ್ತದ, ಕುಡೀರಿ” ಎನ್ನುತ್ತಲೇ ಇದ್ದಳು. ನಾನು ದೇವರಿಗೆ ತ್ರಿಕಾಲ ಪೂಜೆ ಮಾಡುವಷ್ಟೇ ನೇಮದಿಂದ ಆಕೆ ಆ ಕಪ್ಪನ್ನು ಮೂರು ಹೊತ್ತು ಮತ್ತೆ ಮತ್ತೆ ಬಿಸಿ ಮಾಡುತ್ತಿದ್ದಳು.

ಭಾವನ ಲಕ್ಷ್ಯವೆಲ್ಲ ಕಲಬುರ್ಗಿಯಲ್ಲಿ ಯಾರೋ ಹಳೆ ಸಾಮಾನೆಂದು ಬಿಟ್ಟುಕೊಟ್ಟ ಒಂದು ಕಂಪ್ಯೂಟರಿನ ಮೇಲೆ. ನೋಡಲು ಬರೀ ಕೀಲಿಮಣೆ. ಟಿವಿಗೊಂದು ತಂತಿ, ಟೇಪ್‌ರೆಕಾರ್ಡರಿಗೊಂದು ತಂತಿ. ಅದಕ್ಕೆ ಹೇಳುವ ಪಾಠವೆಲ್ಲ ಕ್ಯಾಸೆಟ್ಟಿನಲ್ಲಿ ಇರುತ್ತಿತ್ತು. ಇದು ನನಗೇನು ಗೊತ್ತು? ಶ್ರಾವಣ ಸೋಮವಾರ ಅವರ ಮನೆಗೆ ಹೋದವಳು ಭಜನೆ ಕೇಳೋಣವೆಂದು ಒಂದು ಕ್ಯಾಸೆಟ್ ಹಾಕಿದೆ. ಅಬ್ಬಾ, ಆ ಕಿರುಚಾಟ! ಬೆಕ್ಕು ಸಿಕ್ಕಿಬಿದ್ದಿದೆಯೆಂದು ನೆರೆಮನೆಯಾಕೆ ಕೋಲು ಹಿಡಿದು ಬಂದಳು. ಭಾವ ಓಡಿ ಬಂದರು.

“ತಂಗೀ, ಅದು ಭಜನಿ ಅಲ್ಲ, ಲೆಕ್ಕ!”

“ಲೆಕ್ಕ ಹಿಂಗ ಕಿರಚ್ತದೇನ್ರಿ?”

“ಖರೇ ಲೆಕ್ಕ ಹಿಂಗೇ ಕಿರಚ್ತದ.”

ಇಷ್ಟಕ್ಕೇ ಬಿಟ್ಟರೆ? ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್ ಕಟ್ಟಲು ಕೂತರು. ಕಬ್ಬಿಣವಿಲ್ಲ, ತಂತಿಯಿಲ್ಲ, ಬರೀ ಲೆಕ್ಕದಿಂದ ಮಾಡಿದ್ದು.

“ಖರೇ ಯಂತ್ರ ಇರಬೇಕಾದ್ರ ಈ ಸುಳ್ಳು ಯಂತ್ರ ಯಾಕ್ರಿ?” ಎಂದೆ.

“ಖರೇದು ಒಂದಿನ ಸಾಯ್ತದ. ಸುಳ್ಳುದು ಸಾಯೂದಿಲ್ಲ. ಇದನ್ನ ಎತ್ತಿ ಬ್ಯಾರೆ ಯಂತ್ರದಾಗ ಇಡಬಹುದು.”

ಒಳಗಿನಿಂದ ಅಕ್ಕ ಕೂಗಿದಳು: “ಮೊದಲ ಚಾ ಸಾಯಾಕತ್ತದ, ಅದನ್ನ ಎತ್ತರಿ!”

ಅಷ್ಟು ಗಟ್ಟಿಯಾಗಿ ಕೂಗುತ್ತಿದ್ದ ಅಕ್ಕನಿಗೆ ಒಂದು ಮಧ್ಯಾಹ್ನ ಲಕ್ವಾ ಹೊಡೆಯಿತು. ಬಲಗಡೆಯ ಕೈಕಾಲು ಹೋದವು, ಮಾತು ಹೋಯಿತು, ಕಣ್ಣು ಮಂಜಾಯಿತು. ಶಿವ ಉಳಿಸಿದ್ದು ಬುದ್ಧಿ ಮತ್ತು ಎಡಗೈಯ ಹೆಬ್ಬೆರಳು. ಹೆಬ್ಬೆರಳೊಂದನ್ನು ಕೊಟ್ಟವನಿಗೆ ಕೈಮುಗಿಯಬೇಕೋ, ಉಳಿದದ್ದನ್ನು ಒಯ್ದವನ ಜೊತೆ ಜಗಳಾಡಬೇಕೋ? ನಾನು ಕೈಮುಗಿದೆ.

ಭಾವ ಕೈ ಮುಗಿಯಲಿಲ್ಲ, ಕೆಲಸಕ್ಕೆ ಕೂತರು. ಆ ಸುಳ್ಳು ಯಂತ್ರದೊಳಗೆ ವರ್ಣಮಾಲೆ ಕೂಡಿಸಿದರು. ಮೊದಲು ಸಾಲುಗಳು ಒಂದೊಂದಾಗಿ ಬೆಳಗುತ್ತಿದ್ದವು: ಕ ಸಾಲು, ಚ ಸಾಲು, ಟ, ತ, ಪ, ಯ, ಕೊನೆಗೆ ಸ್ವರಗಳು. ಬೇಕಾದ ಸಾಲು ಬಂದಾಗ ಅಕ್ಕ ಹೆಬ್ಬೆರಳಿನಿಂದ ಬಾಗಿಲ ಗಂಟೆಯ ಗುಂಡಿ ಒತ್ತಿದರೆ, ಆ ಸಾಲಿನ ಅಕ್ಷರಗಳು ಒಂದೊಂದಾಗಿ ಬರುತ್ತಿದ್ದವು. ಮತ್ತೆ ಒತ್ತಿದರೆ ಅಕ್ಷರ ನಿಲ್ಲುತ್ತಿತ್ತು. ಕಾಗುಣಿತವನ್ನು ನಾವೇ ತುಂಬಿಕೊಳ್ಳಬೇಕು. ಆಕೆ ಕಣ್ಣು ಮುಚ್ಚಿಕೊಂಡೇ ಒತ್ತುತ್ತಿದ್ದಳು. ಬೆಳಕು ಚುಚ್ಚುತ್ತದೇನೋ ಎಂದುಕೊಂಡೆವು. ಹೀಗೆ ಎರಡು ವರ್ಷ ಮಾತಾಡಿದಳು. ಆ ಮಾತುಗಳಲ್ಲಿ ಅರ್ಧಕ್ಕರ್ಧ ಚಹಾದ ಸುದ್ದಿಯೇ!

ಈಗ ಗೊತ್ತಾಯಿತಲ್ಲ, ನಾನು ಅತ್ತದ್ದು ಯಾಕೆಂದು? ಬಂದ್ ಬಿದ್ದದ್ದು ನಮ್ಮಕ್ಕನ ಬಾಯಿ.

ಆಳಂದದ ದಾಲ್ ಮಿಲ್ಲಿನವರು ಮೂಲೆಗಿಟ್ಟಿದ್ದ ಒಂದು ದೊಡ್ಡ ಕಂಪ್ಯೂಟರನ್ನು ಬಿಟ್ಟುಕೊಟ್ಟರು. ಅದನ್ನು ಒಯ್ಯಲು ಭಾವ ಬಂದರು. ಕಟ್ಟಿಟ್ಟ ಚೀಲ ಹಿಡಿದು ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ಅದಕ್ಕೆ ಕೌದಿ ಹೊದಿಸಿ, ಕಿಟಕಿಯ ಪಕ್ಕ ಕೂಡಿಸಿದರು. ಕಂಡಕ್ಟರ್ ಬಂದ.

“ಇದಕ್ಕ ಲಗೇಜ್ ಹರೀಲೇನ್ರಿ, ಟಿಕೆಟ್ ಹರೀಲಿ?”

“ಫುಲ್ ಟಿಕೆಟ್ ಹರೀಪಾ. ಇದು ಮಾತಾಡೂದದ.”

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಸೀಟು ಸಿಕ್ಕಿತ್ತು, ಅದೇ ದೊಡ್ಡದು.

ದಾರಿಯಲ್ಲಿ ಭಾವ ತೊಂದರೆ ಬಿಡಿಸಿ ಹೇಳಿದರು. ಹೊಸದರ ದಿಮಾಗೇ ಬೇರೆ, ಅದರ ಭಾಷೆಯೇ ಬೇರೆ. ಅಕ್ಕನ ವರ್ಣಮಾಲೆಯನ್ನು ಮುಟ್ಟಬೇಕಾಗಿಲ್ಲ. ಅದನ್ನು ಹೊತ್ತ ಸುಳ್ಳು ಯಂತ್ರವನ್ನು ಮಾತ್ರ ಬುಡದಿಂದ ಬಿಚ್ಚಿ ಹೊಸ ದಿಮಾಗಿನ ಮೇಲೆ ಮತ್ತೆ ಕಟ್ಟಬೇಕು.

“ಅಂದ್ರ, ಮಗಳನ್ನ ಅತ್ತಿ ಮನಿಗೆ ಕಳಿಸಿ, ನೀ ಇನ್ನಾ ತವರಾಗೇ ಇದ್ದಿ ಅಂತ ನಂಬಿಸೂದು?”

“ಹಾಂ! ಬರೋಬ್ಬರಿ!” ಎಂದರು ಭಾವ. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಜೇವರ್ಗಿ ಮುಟ್ಟಿದ್ದೇ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಲೆಕ್ಕ ಬರೆದರು. ಒಂದರ ನಂತರ ಒಂದು ಎಂದು ಅಂಗಳದ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟರು. ಮಳೆ ಹನಿಯಿತು. ನಾನು ಗಡಿಬಿಡಿಯಲ್ಲಿ ಸೀರೆ, ಅಂಗಿ, ಲಗ್ನಪತ್ರಿಕೆ ಎಲ್ಲ ಬಾಚಿ ತಂದು ಒಟ್ಟಿಗೆ ಮಡಿಸಿಟ್ಟೆ. ಸಾಲು ಹಿಡಿಸಲು ಅವರಿಗೆ ಎರಡು ದಿನ ಬೇಕಾಯಿತು. ಒಂದು ಲೆಕ್ಕ ನನ್ನ ರವಿಕೆಯ ತೋಳಿನಲ್ಲಿ ಸಿಕ್ಕಿತು! ಪುಣ್ಯಾತ್ಮ ಒಂದು ಮಾತು ಬೈಯಲಿಲ್ಲ. ಪಕ್ಕದಲ್ಲಿ ಚಹಾ ಕೆನೆಗಟ್ಟಿತ್ತು.

ಅಷ್ಟು ದಿನವೂ ಅಕ್ಕ ಮೂಕಿ. ನಾವೇ ಬಾಯಿಂದ ಅಕ್ಷರ ಹೇಳಿ ನೋಡಿದೆವು. ನಾವು ಒಮ್ಮೆ ಓಡುತ್ತಿದ್ದೆವು, ಒಮ್ಮೆ ನಿಲ್ಲುತ್ತಿದ್ದೆವು; ಆಕೆಯ ಬೆರಳು ಪಕ್ಕದ ಅಕ್ಷರಕ್ಕೇ ಬೀಳುತ್ತಿತ್ತು. ಕೊನೆಗೆ ಮುಖ ತಿರುಗಿಸಿ ಗೋಡೆ ನೋಡುತ್ತಾ ಮಲಗಿಬಿಟ್ಟಳು.

ಒಂದು ತಿಂಗಳ ಮೇಲೆ ಸುಳ್ಳು ಯಂತ್ರ ಹೊಸ ಕಂಪ್ಯೂಟರಿನಲ್ಲಿ ಎದ್ದಿತು. ಎದ್ದದ್ದೇ ಓಡಿತು! ಕ ಸಾಲಿನಿಂದ ಸ್ವರಗಳವರೆಗೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಭಾವ ಕೈಗಡಿಯಾರ ಮುಂದಿಟ್ಟುಕೊಂಡು ಅದನ್ನು ನಿಧಾನ ಮಾಡಿದರು. ಆಮೇಲೆ ಹೆಮ್ಮೆಯಿಂದ ಹೇಳಿದರು:

“ಹಳೇದಕ್ಕೊಂದು ರೋಗ ಇತ್ತು ತಂಗಿ. ಸಾಲು ಹಿಡಿದ ಮ್ಯಾಲ ಅಕ್ಷರಕ್ಕ ಇಳೀಬೇಕಾದ್ರ ಏದುಸಿರು ಬಿಟ್ಟು ನಿಲ್ತಿತ್ತು. ಇದ್ರಾಗ ಅದನ್ನ ತಗದು ಒಗದೀನಿ!”

ಅಕ್ಕನ ಬೆರಳಿಗೆ ಗುಂಡಿ ಕೊಟ್ಟೆವು. ಒತ್ತಿದಳು, ತಪ್ಪಿತು. ಮತ್ತೆ ಒತ್ತಿದಳು, ಮತ್ತೆ ತಪ್ಪಿತು. ಮೂರನೆಯ ದಿನ ಒತ್ತುವುದನ್ನೇ ಬಿಟ್ಟಳು. ನೋಡಲು ಬಂದವರು ನನ್ನನ್ನು ಬಾಗಿಲಾಚೆ ಕರೆದು, “ಈಗ ಬುದ್ಧಿನೂ ಹೊಂಟದ ನೋಡ್ರಿ” ಎಂದರು. ಭಾವ ಕಂಪ್ಯೂಟರಿನ ಮುಂದೆ ಬೆನ್ನು ಬಾಗಿಸಿ ಕೂತವರು ಏಳಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಅಕ್ಕನ ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಅದರ ಕೆಳಗೆ ನನ್ನ ಕೈ ಆನಿಸಿ, ಜಪ ಹೇಳತೊಡಗಿದೆ. ನಾಲ್ಕನೆಯ ‘ನಮಃ ಶಿವಾಯ’ಕ್ಕೆ ಆಕೆಯ ಹೆಬ್ಬೆರಳು ನನ್ನ ಕೈ ಒತ್ತಿತು. ಆಕೆ ಉಸಿರೆಳೆದುಕೊಂಡಳು. ಮುಂದಿನದಕ್ಕೇ ಮತ್ತೆ ಒತ್ತಿದಳು. ಆಮೇಲೆ ಮೂರಕ್ಕೊಮ್ಮೆ, ಉಸಿರು, ಮತ್ತೆ ಮೂರಕ್ಕೊಮ್ಮೆ. ಬೆರಳು ನಡುಗುತ್ತಿದೆಯೆಂದುಕೊಂಡು ಮೊದಲಿಂದ ಹೇಳಿದೆ. ಮತ್ತೆ ಅದೇ!

ಬೆರಳು ಮಡಚಿ ಎಣಿಸಿದೆ. ನಾಲ್ಕನೆಯ ಸಾಲು, ಮೊದಲ ಅಕ್ಷರ: ತ. ಮೂರನೆಯ ಸಾಲು, ಮೂರನೆಯ ಅಕ್ಷರ: ಡ.

ತಡಿ!

ಎರಡು ವರ್ಷ ಅಕ್ಕ ಅಕ್ಷರಗಳನ್ನು ನೋಡಿಯೇ ಇರಲಿಲ್ಲ. ಒಂದು ಸಾಲಿಗೊಂದು ನಮಃ ಶಿವಾಯ, ಒಂದು ಅಕ್ಷರಕ್ಕೊಂದು ನಮಃ ಶಿವಾಯ. ಹಳೆಯ ಕಂಪ್ಯೂಟರ್ ಏದುಸಿರು ಬಿಡುವಾಗ ಆಕೆಯೂ ಉಸಿರು ತೆಗೆದುಕೊಳ್ಳುತ್ತಿದ್ದಳು.

ಭಾವನಿಗೆ ಹೇಳಿದೆ. ಅವರು ಕೈಗಡಿಯಾರವನ್ನು ಕಪಾಟಿನಲ್ಲಿಟ್ಟು ಬಂದು, “ಜಪ ಹೇಳು ತಂಗಿ” ಎಂದರು. ಹಣೆಗೆ ವಿಭೂತಿ ಹಚ್ಚಲು ಹತ್ತು ಸಲ ಹೇಳಿಸಿಕೊಳ್ಳುವ ಮನುಷ್ಯ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ನನ್ನಿಂದ ಜಪ ಮಾಡಿಸಿದರು. “ಜಲ್ದಿ ಆತು, ಇನ್ನೊಮ್ಮೆ!” ಎಂದು ಗದರಿದರು ಬೇರೆ! ನನ್ನ ಜಪಕ್ಕೆ ಯಂತ್ರದ ನಡೆ ಹೊಂದಿಸಿದರು. ತೆಗೆದೊಗೆದಿದ್ದ ರೋಗವನ್ನು ಹುಡುಕಿ ತಂದು ಮರಳಿ ಇಟ್ಟರು.

ಅಕ್ಕ ಕಣ್ಣು ಮುಚ್ಚಿ ಒತ್ತಿದಳು. ಚ. ಆ. ರ. ತ.

ಇಬ್ಬರೂ ಒಟ್ಟಿಗೆ ಮೇಜಿನ ಮೇಲಿನ ಕಪ್ಪು ನೋಡಿದೆವು. ಚಾ ಆರಿತ್ತು. ಭಾವ ಅದನ್ನೆತ್ತಿ ಒಂದೇ ಗುಟುಕಿಗೆ ಕುಡಿದರು. ಮುಖಕ್ಕೆ ಹಿಡಿದ ಕಪ್ಪನ್ನು ಬಹಳ ಹೊತ್ತು ಕೆಳಗಿಳಿಸಲಿಲ್ಲ.

ಆಕೆ ಶಿವರಾತ್ರಿಯವರೆಗೆ ಮಾತಾಡಿದಳು. ಅಷ್ಟು ಸಿಕ್ಕಿತು. ಆಮೇಲೆ ಒಂದು ಬೆಳಿಗ್ಗೆ, ಅಂಗೈಯಲ್ಲಿ ಲಿಂಗವಿರುವಾಗಲೇ, ಆಕೆಯ ಉಸಿರು ನಿಂತಿತು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದರು. ಕಂಪ್ಯೂಟರ್ ಇನ್ನೂ ನಡೆದೇ ಇತ್ತು. ಕ ಸಾಲು, ಚ ಸಾಲು, ಟ ಸಾಲು... ಒತ್ತುವವರಿಲ್ಲದೆ ಮತ್ತೆ ಕ ಸಾಲು. ಬಂದ್ ಮಾಡಲೇ ಎಂದು ಕೇಳಬೇಕೆನಿಸಿತು. ಚಹಾ ತಂದು ಭಾವನ ಪಕ್ಕ ಇಟ್ಟೆ. ಆರಿದ ಮೇಲೆ ಮತ್ತೆ ಬಿಸಿ ಮಾಡಿದರಾಯಿತೆಂದು ತಿರುಗಿದೆ.

ಭಾವ ತಟ್ಟನೆ ಕಪ್ಪೆತ್ತಿ ಬಾಯಿಗಿಟ್ಟರು.

“ಅಯ್ಯ, ಕುದೀತದ್ರಿ ಅದು! ನಾಲಿಗಿ ಸುಟ್ಟೀತು!”

“ಸುಡಲಿ ತಂಗಿ. ಆರ್ತದ ಅಂತ ಹೇಳಾಕ ಇನ್ನ ಯಾರದಾರ?”

ಇಷ್ಟು ವರ್ಷ ಆ ಮನುಷ್ಯ ಬಿಸಿ ಚಹಾ ಕುಡಿಯಲೆಂದು ನಾನೂ ಬೈದವಳೇ. ಅಂದು ನೋಡಲಾಗಲಿಲ್ಲ. ಖಾಲಿ ಕಪ್ಪು ತೊಳೆದು ಬೋರಲು ಹಾಕಿದೆ. ಸಂಜೆಯ ಅಡುಗೆಗೆ ಬೇಳೆ ಬೇಕಿತ್ತು. ಅಕ್ಕನ ಮೊರ ತೆಗೆದುಕೊಂಡು ಕಲ್ಲು ಆರಿಸಲು ಕೂತೆ.