ಸುಶೀಲವ್ವನ ಕೆಂಪು ರಟ್ಟು

ಆ ದಿನದ ಅನಾಹುತಕ್ಕೆಲ್ಲ ಮೂಲವಾದದ್ದು ಸಾತಪ್ಪನ ಮನೆಯ ಮೂಲೆಯಲ್ಲಿ ಸೊಂಟದೆತ್ತರ ಬೆಳೆದಿದ್ದ ಹಳೇ ಪೇಪರಿನ ರಾಶಿ.

ಸಾತಪ್ಪ ದಾಂಡೇಲಿಯ ಕಾಗದ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಬಿದಿರು ಹೊತ್ತು, ಬಿದಿರು ಬೇಯಿಸಿ, ಬೆನ್ನು ಬಗ್ಗಿಸಿಕೊಂಡು ಮನೆಗೆ ಬಂದವನು. ದಿನಾ ಮುಂಜಾನೆ ಕಟ್ಟೆಯ ಮೇಲೆ ಕೂತು ಪೇಪರು ಬಿಡಿಸುತ್ತಿದ್ದ. ಹೋಗುವ ಬರುವ ಮಂದಿ, "ಏನಂತೈತಿ ಪೇಪರ?" ಅಂದರೆ, "ಎಲ್ಲಾ ತುಟ್ಟಿ ಆಗೇತಿ ಅಂತೈತಿ" ಅನ್ನುತ್ತಿದ್ದ. ಆ ಮಾತು ಒಂದು ದಿನವೂ ಸುಳ್ಳಾಗಲಿಲ್ಲ. ಹಾಗಾಗಿ ಆತನಿಗೆ ಒಂದಕ್ಷರವೂ ಓದಲು ಬರುವುದಿಲ್ಲವೆಂಬುದು ಓಣಿಗೆ ಗೊತ್ತಾಗಲೇ ಇಲ್ಲ. ಸಹಿ ಮಾತ್ರ ಹಾಕುತ್ತಿದ್ದ. ಅದೂ ಯಾರೋ ಹಳೇ ಮೇಸ್ತ್ರಿ ಕಲಿಸಿದ ಇಂಗ್ಲಿಷ್ ಸಹಿ, ಕೋಳಿ ಕೆದರಿದಂಥದ್ದು. ಬ್ಯಾಂಕಿನವರೇ ಅದನ್ನು ಕಂಡು ಹೆದರಿ ಸುಮ್ಮನಾಗಿದ್ದರು.

ಗುಟ್ಟು ಗೊತ್ತಿದ್ದವಳು ಹೆಂಡತಿ ಸುಶೀಲವ್ವ ಒಬ್ಬಳೇ. ಐವತ್ತಾರನೆಯ ವಯಸ್ಸಿಗೆ ಅವಳು ರಾತ್ರಿ ಶಾಲೆಗೆ ಹೊರಟು ನಿಂತಾಗ, "ನೀವೂ ಬರ್ರಿ" ಎಂದು ಕರೆದಿದ್ದಳು.

"ಇಷ್ಟ ವರ್ಷ ಪೇಪರ ಓದಿದಾಂವ ಈಗ ಅ ಆ ಕಲಿಯಾಕ ಕುಂತರ ಮಂದಿ ಏನಂದಾರು?" ಅಂದ ಸಾತಪ್ಪ.

ಅವಳು ಮತ್ತೆ ಕರೆಯಲಿಲ್ಲ. ಮಿಲ್ಲಿನ ತುಂಡು ಕಾಗದ ಹೊಲಿಸಿ, ಕೆಂಪು ಬಟ್ಟೆಯ ರಟ್ಟು ಹಾಕಿಸಿ ಆತನೇ ಒಂದು ದಪ್ಪ ಪುಸ್ತಕ ತಂದುಕೊಟ್ಟಿದ್ದ. ದಿನಾ ಸಂಜೆ ಗೋಡೆಗೆ ಮುಖ ಮಾಡಿ ಕೂತು ಅದರಲ್ಲಿ ಬರೆಯುತ್ತಿದ್ದಳು. "ಏನ ಬರೀತಿ?" ಅಂದರೆ, "ಮುಗೀಲಿ, ಹೇಳತೇನಿ" ಅನ್ನುತ್ತಿದ್ದಳು. ಬರೆಯುವುದು ಮುಗಿಯಲಿಲ್ಲ. ಹೋದ ಶ್ರಾವಣದಲ್ಲಿ ಮೂರೇ ದಿನದ ಜ್ವರಕ್ಕೆ ಅವಳೇ ಮುಗಿದುಹೋದಳು.

ಅಂದಿನಿಂದ ಸಾತಪ್ಪನ ಎದೆಯೊಳಗೆ ಒಂದೇ ಹುಳ ಕೊರೆಯುತ್ತಿತ್ತು: ನನ್ನ ಬಗ್ಗೆ ಏನು ಬರೆದಿದ್ದಾಳೆ? ಮೂವತ್ತೆಂಟು ವರ್ಷದ ಸಂಸಾರ, ಬರೆಯಲು ಬೇಕಾದಷ್ಟಿತ್ತು. ಪುಸ್ತಕ ಬಿಡಿಸಿದರೆ ಮೊದಲ ಹಾಳೆಗಳಲ್ಲಿ ದೊಡ್ಡ ದೊಡ್ಡ ಗೊದ್ದ ಇರುವೆಗಳಂಥ ಅಕ್ಷರ, ಹೋಗಹೋಗುತ್ತ ಸಣ್ಣ ಇರುವೆಗಳು. ಮೊದಮೊದಲು ಗಟ್ಟಿಯಾಗಿ ಬೈದು ಆಮೇಲೆ ದನಿ ಇಳಿಸಿರಬೇಕು ಅಂದುಕೊಂಡ. ಯಾರಿಂದಲಾದರೂ ಓದಿಸೋಣವೆಂದರೆ ಪೇಪರಿನ ಬಣ್ಣ ಬಯಲಾಗುತ್ತದೆ. ಯಾರ ಕಣ್ಣಿಗೂ ಬೀಳದಿರಲೆಂದು ಅದನ್ನು ಪೇಪರಿನ ರಾಶಿಯ ನಡುವೆ ತೂರಿಸಿಟ್ಟ. ದಿನಕ್ಕೊಮ್ಮೆ ಹೊರಗೆ ತೆಗೆದು, ಕೈಯಿಂದ ಸವರಿ, ಮತ್ತೆ ಒಳಗಿಡುತ್ತಿದ್ದ.

ತಂಗಿಯನ್ನು ಕಾಣಲು ನಾಲ್ಕು ದಿನ ಸನವಳ್ಳಿಗೆ ಹೋಗಿದ್ದ ಸಾತಪ್ಪ ಆ ಮುಂಜಾನೆ ಮರಳಿ ಬಂದು ಬಾಗಿಲು ತೆರೆದರೆ, ಮನೆ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಮೂಲೆ ಖಾಲಿ.

ಕೀಲಿಕೈ ಇಟ್ಟುಕೊಂಡಿದ್ದ ಪಕ್ಕದ ಮನೆಯ ಗುರುಸಿದ್ದವ್ವ ಸೆರಗಿಗೆ ಕೈ ಒರೆಸುತ್ತ ಓಡಿಬಂದಳು. "ನೋಡಣ್ಣಾ, ಹೆಂಗ ಲಕಲಕ ಅನ್ನಾಕತ್ತೇತಿ! ಹೆಂಗಸಿಲ್ಲದ ಮನಿ, ಪಾಪ ಅಂತ ನಾನ ಎಲ್ಲಾ ಝಾಡಿಸೇನಿ. ಜೊಂಡಿಗ್ಯಾ ಹುಳ ಅಂತೂ ಒಂದ ಬುಟ್ಟಿ ಸಿಕ್ಕುವು."

"ಪೇಪರ ಎಲ್ಲಿ?"

"ರದ್ದಿಗೆ ಹಾಕಿದೆ. ಓದಿದ್ದನ್ನ ಮತ್ತ ಓದತಿ ಏನು? ಅದರ ಬದಲಿ ನಿನಗ ಹೊಸಾ ಕಸಬರಿಗಿ ತಂದೇನಿ ನೋಡು!"

ಸಾತಪ್ಪ ಕಸಬರಿಗೆ ನೋಡಲಿಲ್ಲ. ಚೀಲವನ್ನು ಅಲ್ಲೇ ಒಗೆದು ರದ್ದಿ ಅಂಗಡಿಯ ಕಡೆ ಓಡಿದ. ಗುರುಸಿದ್ದವ್ವ ಏನಾಯಿತೆಂದು ತಿಳಿಯದೆ ಬೆನ್ನು ಹತ್ತಿದಳು. ಓಣಿಯಲ್ಲಿ ಯಾರಾದರೂ ಓಡಿದರೆ ಹಿಂದೆ ಓಡುವುದು ಅವಳಿಗೆ ಮೊದಲಿನಿಂದಲೂ ರೂಢಿ.

ರದ್ದಿ ಅಂಗಡಿಯ ಸುಭಾನಿ ತಕ್ಕಡಿಯ ಪಕ್ಕ ಕೂತು ಚಹಾ ಕುಡಿಯುತ್ತಿದ್ದ.

"ಕೆಂಪ ರಟ್ಟಿಂದಾ? ಯಾ ಅಲ್ಲಾ! ಅದನ್ನ ಪಿಚ್ಚರಿನವರು ಒಯ್ದರಲ್ಲೋ ಅಣ್ಣಾ, ಮೊನ್ನೆನ. ಕುಳಗಿ ಹಾದ್ಯಾಗ ಹಳೇ ಬಂಗಲೇದಾಗ ಶೂಟಿಂಗ್ ನಡದೈತಿ. ಒಬ್ಬ ಪಂಡಿತ ಇರತಾನಂತ. ಅಂವ ಕೈಲೆ ಬರದ ಪುಸ್ತಕ ಕಳವು ಆಗತೈತಂತ. ಅದರ ಸಲುವಾಗಿ ಮೂರ ಖೂನ್ ಆಗತಾವಂತ."

"ಬರೇ ಮೂರ?" ಅಂದ ಸಾತಪ್ಪ, ಗುರುಸಿದ್ದವ್ವನ ಮುಖ ನೋಡುತ್ತ.

ಅವಳಿಗೆ ಆಗ ಹೊಳೆಯಿತು. "ಅಯ್ಯ ಶಿವನ! ಅದು ಸುಶೀಲಕ್ಕಂದೇನೋ? ನನ್ನ ಕೈಯಾರೆ ತೂಗಿಸಿಬಿಟ್ಟೆನಲ್ಲೋ!" ಎಂದು ಬಾಯಿ ಬಾಯಿ ಬಡಿದುಕೊಂಡಳು. ನಿಜವಾಗಿ ಅತ್ತಳು. ಅತ್ತು ಮುಗಿಸಿ, "ಸುಭಾನಿ, ಟೆಂಪೋ ತಗಿ. ನಾ ಒಂದ ಚಲೋ ಸೀರಿ ಉಟಗೊಂಡ ಬರತೇನಿ. ಶೂಟಿಂಗಿಗೆ ಹಿಂಗ ಹೆಂಗ ಹೋಗೂದು?" ಅಂದಳು.

ಬಂಗಲೆಯ ಗೇಟಿನಲ್ಲಿ ಕಾವಲಿನವನು ಅಡ್ಡ ನಿಂತ. ಸಾತಪ್ಪ ಬಾಯಿ ತೆರೆಯುವುದರೊಳಗೆ ಗುರುಸಿದ್ದವ್ವ ಟೆಂಪೋದಿಂದಲೇ ಕೂಗಿದಳು: "ಏ, ಪುಸ್ತಕದ ಮುದುಕರ ಬಂದಾರ, ದಾರಿ ಬಿಡೋ!"

ಪಂಡಿತನ ಪಾರ್ಟು ಮಾಡುವ ಮುದುಕರು ಹುಬ್ಬಳ್ಳಿಯಿಂದ ಬರುವುದಿತ್ತು. ಅವರಿಗಾಗಿ ಎರಡು ತಾಸಿನಿಂದ ಎಲ್ಲರೂ ತಲೆ ಚಚ್ಚಿಕೊಳ್ಳುತ್ತಿದ್ದರು. ಕಾವಲಿನವನು ಗೇಟು ತೆರೆದದ್ದೇ ತಡ, ನಾಲ್ಕು ಮಂದಿ ಬಂದು ಸಾತಪ್ಪನನ್ನು ಮದುಮಗನ ಹಾಗೆ ಎತ್ತಿಕೊಂಡು ಹೋದರು. "ತಮ್ಮಾ, ನಾ ಅಂವಲ್ಲ, ನನ್ನ ಪುಸ್ತಕ..." ಅಂದರೆ, "ಪುಸ್ತಕ ರೆಡಿ ಇದೆ ಅಜ್ಜ, ಗಾಬರಿ ಆಗ್ಬೇಡಿ" ಅಂದರು. ಅಂಟು ಹಚ್ಚಿ ಬಿಳಿ ಗಡ್ಡ ಕೂಡಿಸಿದರು. ಶಾಲು ಹೊದಿಸಿದರು. ಒಬ್ಬ ಬಂದು ಕೈಯಲ್ಲಿ ಒಂದು ಹಾಳೆ ತುರುಕಿ, "ಸೀನ್ ಹೀಗಿದೆ, ಓದ್ಕೊಳ್ಳಿ" ಅಂದ.

ಸಾತಪ್ಪ ರೂಢಿಯಂತೆ ಮೇಲಿನಿಂದ ಕೆಳಗೆ ಕಣ್ಣಾಡಿಸಿ, ತಕ್ಕ ಹೊತ್ತಿಗೆ ಹಾಳೆ ತಿರುವಿದ.

"ಏನಂತೈತಿ ಅಣ್ಣಾ?" ಎಂದು ಗುರುಸಿದ್ದವ್ವ ಕಿಡಕಿಯಲ್ಲಿ ಮುಖ ಹಾಕಿದಳು.

"ಎಲ್ಲಾ ತುಟ್ಟಿ ಆಗೇತಿ ಅಂತೈತಿ" ಎಂದು ಬಾಯಿಗೆ ಬಂದುಬಿಟ್ಟಿತು.

ಆಮೇಲೆ ಒಂದು ಕುರ್ಚಿಯಲ್ಲಿ ಕೂಡಿಸಿ ತೊಡೆಯ ಮೇಲೆ ಪುಸ್ತಕ ತಂದಿಟ್ಟರು. ಅದೇ ಕೆಂಪು ರಟ್ಟು. ಮೂಲೆಯಲ್ಲಿ ಸುಶೀಲವ್ವನ ಅರಿಶಿನದ ಬೆರಳು ಹಾಗೇ ಮೂಡಿತ್ತು. ಸಾತಪ್ಪನಿಗೆ ಸುತ್ತಲಿನ ದೀಪ, ಮಂದಿ, ಯಂತ್ರ ಯಾವುದೂ ಕಾಣದಾಯಿತು.

"ನೋಡಿ ಅಜ್ಜ," ಎಂದು ನಿರ್ದೇಶಕ ಮೆತ್ತಗೆ ಹೇಳಿದ, "ಇದರಲ್ಲಿ ನಿಮ್ಮ ಜೀವಮಾನವೇ ಇದೆ. ಇವತ್ತೇ ಕೊನೆ ಸಲ ಓದ್ತಿದ್ದೀರಿ. ದನಿ ಬೇಡ. ತುಟಿ ಅಲ್ಲಾಡಿದ್ರೆ ಸಾಕು."

ಸಾತಪ್ಪ ತೆರೆದ. ಸಾಲು ಸಾಲು ಸಣ್ಣ ಇರುವೆಗಳು. ಒಂದರ ಕೆಳಗೆ ಬೆರಳಿಟ್ಟ. ಇದು ನನ್ನ ಹೆಸರಿರಬಹುದೇ? ಅಥವಾ ಈ ಬಾಲವಿದ್ದದ್ದೇ? ಅವಳು ಕರೆದಾಗ ಹೋಗಿದ್ದರೆ ಇಷ್ಟು ಹೊತ್ತಿಗೆ ತಿಳಿಯುತ್ತಿತ್ತು. ಅವಳು ನನ್ನನ್ನು ಬೈದಿದ್ದರೂ ಸರಿ, ಬೈದದ್ದನ್ನಾದರೂ ಓದಿಕೊಳ್ಳುತ್ತಿದ್ದೆ. ತುಟಿ ತಾವಾಗಿಯೇ ನಡುಗಿದವು. ಕಣ್ಣೀರಿಗೆ ಅಂಟು ಬಿಟ್ಟು ಗಡ್ಡ ಒಂದು ಕಡೆ ಜೋತುಬಿತ್ತು. ಆತ ಅದನ್ನು ಒತ್ತಿ ಹಿಡಿಯಲೂ ಇಲ್ಲ.

"ಕಟ್!" ಎಂಬ ಕೂಗಿನೊಂದಿಗೆ ಇಡೀ ಬಂಗಲೆ ಚಪ್ಪಾಳೆ ತಟ್ಟಿತು. ನಿರ್ದೇಶಕ ಕಣ್ಣೊರೆಸಿಕೊಂಡು, "ಗಡ್ಡ ಬಿದ್ರೂ ಪರವಾಗಿಲ್ಲ, ಇದೇ ಇರ್ಲಿ" ಅಂದ.

ಅಷ್ಟರಲ್ಲಿ ಕಾರೊಂದು ಬಂದು ನಿಂತು, ಸ್ವಂತ ಗಡ್ಡ, ಸ್ವಂತ ಶಾಲಿನ ಹುಬ್ಬಳ್ಳಿಯ ಕಲಾವಿದರು ಇಳಿದರು.

"ಹಾಗಾದ್ರೆ ಇವನ್ಯಾರು?" ಎಂದು ಎಲ್ಲರೂ ತಿರುಗಿ ನೋಡುವುದರೊಳಗೆ ಸಾತಪ್ಪ ಪುಸ್ತಕವನ್ನು ಶಾಲಿನೊಳಗೆ ಅವುಚಿಕೊಂಡು ಓಟ ಕಿತ್ತಿದ್ದ.

"ಕಳ್ಳ! ಪುಸ್ತಕದ ಕಳ್ಳ!" ಎಂದು ಕಾವಲಿನವನು ಬೆನ್ನು ಹತ್ತಿದ. ಬೇಲಿಯಾಚೆ ಶೂಟಿಂಗ್ ನೋಡಲು ಸೇರಿದ್ದ ಮಂದಿ ಇದೂ ಕತೆಯೊಳಗಿನದೇ ಅಂದುಕೊಂಡು ಸಿಳ್ಳೆ ಹಾಕಿದರು. ಒಬ್ಬನಂತೂ, "ಏ ಕಾವಲ್ಯಾ, ಸ್ವಲ್ಪ ನಿಧಾನ ಓಡೋ, ಅಜ್ಜಗ ದಮ್ಮ ಹತ್ತೇತಿ" ಎಂದು ಬುದ್ಧಿ ಹೇಳಿದ. ಅತ್ತ ರಸ್ತೆಯಲ್ಲಿ ಸುಭಾನಿಯ ಟೆಂಪೋ ಚಾಲೂ ಆಗಲೊಲ್ಲದು. ಗುರುಸಿದ್ದವ್ವ ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಅದನ್ನು ಹಿಂದಿನಿಂದ ನೂಕುತ್ತಿದ್ದಳು.

ಗೇಟಿಗೆ ಇನ್ನೂ ಹತ್ತು ಮಾರು ಇರುವಾಗ ಸಾತಪ್ಪನ ಉಸಿರು ಕಟ್ಟಿತು. ಒಂದು ತೇಗದ ಮರಕ್ಕೆ ಒರಗಿ ಕುಸಿದ. ಮೊದಲು ಬಂದು ಮುಟ್ಟಿದ್ದು ಕಾವಲಿನವನಲ್ಲ, ಶೂಟಿಂಗಿನ ಸಾಮಾನುಗಳನ್ನು ಹೊಂದಿಸುವ ಸ್ವಪ್ನಾ ಎಂಬ ಹುಡುಗಿ. ಧಾರವಾಡದ ಕಡೆಯವಳು. ಕಾವಲಿನವನನ್ನು ಕೈಸನ್ನೆಯಲ್ಲೇ ಹಿಂದೆ ಕಳಿಸಿ, ಪಕ್ಕದಲ್ಲಿ ಕೂತು ನೀರು ಕೊಟ್ಟಳು.

"ಯಾಕ ಓಡಿದ್ರಿ ಅಜ್ಜಾ? ಕೇಳಿದ್ರ ಹಂಗ ಕೊಡತಿದ್ವಿ. ಇಂಥಾವು ಇನ್ನೂ ಎರಡ ಮಾಡಿ ಇಟ್ಟೇನಿ."

"ತಂಗಿ, ಇದು ನನ್ನ ಹೇಣತಿ ಬರದದ್ದು. ಆಕಿ ಈಗಿಲ್ಲ. ತಪ್ಪಿ ರದ್ದಿಗೆ ಹೋಗಿತ್ತು."

ಸ್ವಪ್ನಾ ಪುಸ್ತಕ ಬಿಡಿಸಿ ನೋಡಿದಳು. ನಂತರ ತನ್ನ ಬೆರಳಿನ ಮೇಲಿನ ಶಾಯಿ ತೋರಿಸಿದಳು. "ಇಲ್ಲಜ್ಜಾ. ಇದನ್ನ ಬರದಾಕಿ ನಾನು. ಹಳೇದು ಕಾಣಲಿ ಅಂತ ಚಹಾದ ನೀರಾಗ ಅದ್ದಿ ಒಣಗಿಸೇನಿ. ರದ್ದಿ ಅಂಗಡೀದು ಬರೇ ರಟ್ಟು. ಒಳಗಿನ ಹಾಳಿ ಕಿತ್ತ ತಗದ್ವಿ."

ಸಾತಪ್ಪನ ಕೈ ರಟ್ಟಿನ ಮೇಲೆ ನಿಂತೇಬಿಟ್ಟಿತು. "ಯಾಕ?"

"ಪಂಡಿತನ ಪುಸ್ತಕಂದ್ರ ಅ ಆ ಇ ಈ ಇದ್ರ ನಡೀತೈತೇನ್ರಿ? ಚಿಂತಿ ಮಾಡಬ್ಯಾಡ್ರಿ, ಅದು ನಿಮ್ಮವರದಲ್ಲ. ಯಾರೋ ಒಬ್ಬ ತಾಯಿ ತನ್ನ ಸಣ್ಣ ಮಗಗ ಓದ ಕಲಸಾಕ ಬರದದ್ದು. ಮೊದಲಿಗೆ ಕೈಯಷ್ಟ ದೊಡ್ಡ ದೊಡ್ಡ ಅಕ್ಷರ, ಆಮ್ಯಾಲ ಸಣ್ಣವು. ಹಾಳಿ ಹಾಳಿಗೂ ಆ ಹುಡುಗನ ಹೆಸರ. 'ಸಾತಪ್ಪ ಬಾ. ಸಾತಪ್ಪ ಕೂಡು. ಸಾತಪ್ಪ ಓದು.' ಕಡೀಕ ಪೇಪರಿನ ಸುದ್ದಿ ನೋಡಿ ಬರದಿದ್ಲು. 'ಇಷ್ಟ ಕಲಿತರ ನಾಳಿಂದ ಖರೇನ ಪೇಪರ ಓದಬಹುದು, ಯಾರಿಗೂ ಗೊತ್ತಾಗೂದಿಲ್ಲ' ಅಂತ. ಭಾಳ ಛಂದಿತ್ತು. ನನಗ ನಗುನೂ ಬಂತು, ಅಳುನೂ ಬಂತು."

"ಆ ಹಾಳಿ ಎಲ್ಲದಾವ ತಂಗಿ?"

"ನಿನ್ನೆ ಬೆಂಕಿ ಸೀನ್ ಇತ್ತಲ್ರಿ, ಅದರಾಗ ಹಾಕಿದ್ವಿ." ಸ್ವಪ್ನಾ ಆತನ ಮುಖ ನೋಡಿ ಕೇಳಿದಳು. "ಆ ಹುಡುಗ ನಿಮಗ ಗೊತ್ತೇನು?"

ಸಾತಪ್ಪ ಜೋತುಬಿದ್ದ ಗಡ್ಡವನ್ನು ಪೂರ್ತಿ ಕಿತ್ತು ಅವಳ ಕೈಗೆ ಕೊಟ್ಟ. "ಗೊತ್ತು. ನಮ್ಮ ಓಣಿಯಾಂವನ. ದಡ್ಡ. ಎಷ್ಟ ಕರದ್ರೂ ಸಾಲಿಗೆ ಹೋಗಲಿಲ್ಲ."

ಪುಸ್ತಕವನ್ನು ಆತನಿಗೇ ಬಿಟ್ಟರು. ಅಷ್ಟು ಚೆನ್ನಾಗಿ ಅತ್ತವನ ಕೈಯಿಂದ ಕಸಿದುಕೊಳ್ಳಲು ನಿರ್ದೇಶಕನಿಗೂ ಮನಸ್ಸಾಗಲಿಲ್ಲ.

ನೂಕಿಸಿಕೊಂಡು ಚಾಲೂ ಆದ ಟೆಂಪೋ ದಾಂಡೇಲಿಯ ಕಡೆ ಹೊರಟಿತು. ಗುರುಸಿದ್ದವ್ವನಿಗೆ ಈಗ ಹೋದ ಜೀವ ಬಂದಂತಾಗಿತ್ತು. "ಸಿಕ್ಕಿತಲ್ಲಪಾ, ನನ್ನ ಪಾಪ ತೊಳೀತು. ನನಗರ ಓದಾಕ ಬರೂದಿಲ್ಲ. ಸುಭಾನಿಗೆ ಬರೇ ತೂಕ ತಿಳೀತೈತಿ. ನೀ ಒಂದೀಟ ಓದಿ ಹೇಳಣ್ಣಾ, ಸುಶೀಲಕ್ಕ ಏನ ಬರದಾಳಂತ."

ಸುಭಾನಿಯೂ ಗಾಡಿ ನಿಧಾನ ಮಾಡಿ ಕಿವಿಗೊಟ್ಟ.

ಸಾತಪ್ಪ ಪುಸ್ತಕ ಬಿಡಿಸಿದ. ಸ್ವಪ್ನಾಳ ಇರುವೆಗಳ ಕೆಳಗೆ ಬೆರಳಿಟ್ಟು, ಒಂದೊಂದಾಗಿ, ತಡೆತಡೆದು ಓದಿದ.

"ಸಾತಪ್ಪ ಬಾ. ಸಾತಪ್ಪ ಕೂಡು. ಸಾತಪ್ಪ ಓದು."

"ಅಯ್ಯ, ಇಷ್ಟ ದಪ್ಪ ಪುಸ್ತಕದ ತುಂಬ ನಿನ್ನ ಹೆಸರನ ಬರದಾಳೇನೋ!" ಗುರುಸಿದ್ದವ್ವ ಮೂಗಿನ ಮೇಲೆ ಬೆರಳಿಟ್ಟಳು. "ಮುಂದಿನ ಹಾಳ್ಯಾಗ?"

ಸಾತಪ್ಪ ಹಾಳೆ ತಿರುವಿದ. ಬಹಳ ಹೊತ್ತು ನೋಡಿದ.

"ಅಲ್ಲೂ ಅದನ್ನ ಬರದಾಳ" ಅಂದ.