ಹೊಗೆಗೂ ಒಂದು ಪಾಕ

ನಮ್ಮ ಕಾಕಾ ಎಂಜಿನ್ನಿನ ಹೊಗೆಯನ್ನು ಬೆರಳಲ್ಲಿ ತಿಕ್ಕಿ, ಗಟ್ಟಿಯೋ ತೆಳುವೋ ನೋಡುತ್ತಾರೆ ಎಂದರೆ ನೀವು ನಗುತ್ತೀರಿ. ನಗಿ! ಗಡಹಿಂಗ್ಲಜದಲ್ಲಿ ನಗದವರು ಯಾರಿದ್ದಾರೆ?

ನಲವತ್ತು ವರ್ಷ ಬೆಲ್ಲ ಕಾಯಿಸಿದ ಕೈ ಅದು. ಪಾಕವನ್ನು ತಣ್ಣೀರಲ್ಲಿ ಅದ್ದಿ, ಎರಡು ಬೆರಳಲ್ಲಿ ಎಳೆದು "ಇಳಸ್ರಿ!" ಎಂದರೆ ಕೊಪ್ಪರಿಗೆ ಇಳಿಯಬೇಕು. ಹೊಗೆಯನ್ನೂ ಹಾಗೇ ಎಳೆದು ನೋಡಿದರು. ಬೆರಳು ಕಪ್ಪಾಯಿತು, ಎಳೆ ಬರಲಿಲ್ಲ.

ಈ ಹುಚ್ಚು ಹತ್ತಿದ್ದು ಕಾಕಾನ ಹೆಂಡತಿ, ನಮ್ಮ ಕಾಕುವಿನ ಕೆಮ್ಮಿನಿಂದ. ಕಬ್ಬು ಅರೆಯುವ ಗಾಣದ ಡೀಸೆಲ್ ಎಂಜಿನ್ನು, ಕೊಪ್ಪರಿಗೆಯ ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತ ಆಕೆ ಕೂಡುವ ಕಡೆಗೇ ಹೊಗೆ ಉಗುಳುತ್ತಿತ್ತು. ಗಾಣದ ಮನೆಗೆ ಕಾಲಿಡಬಾರದೆಂದು ಕೊಲ್ಹಾಪುರದ ಡಾಕ್ಟರು ಹೇಳಿಬಿಟ್ಟರು. ಆಕೆ ಬರದ ಎರಡೇ ದಿನದಲ್ಲಿ ಎರಡು ಕೊಪ್ಪರಿಗೆ ಬೆಲ್ಲ ಕರಕಾಯಿತು! ಕಾಕಾನ ಕೈ ಕೆಟ್ಟಿತು ಎಂದುಕೊಂಡೆವು.

"ಕೊಳವಿ ಉದ್ದ ಮಾಡಿ ಹೊಗಿ ಮಾಡಿನ ತಗಡಿನ ಮ್ಯಾಲೆ ಬಿಡ್ರಲ್ಲಾ," ಎಂದೆ. ನಾನು ಇಚಲಕರಂಜಿಯಲ್ಲಿ ವಿಜ್ಞಾನದ ಮಾಸ್ತರ; ಸಲಹೆ ಕೊಡದಿದ್ದರೆ ಅನ್ನ ಇಳಿಯದು.

"ಉದ್ದ ಆದ್ರ ಎಂಜಿನ್ನಿಗೆ ಉಸಿರ ಕಟ್ಟತೈತಿ. ಹೊಗಿ ಎಷ್ಟು ಗಟ್ಟಿ ಐತಿ ಅಂತ ಮೊದಲ ಗೊತ್ತಾಗಬ್ಯಾಡೇನೋ ಮಾಸ್ತರ?"

ಶುರುವಾಯಿತು! ಟ್ರ್ಯಾಕ್ಟರಿನ ಟ್ಯೂಬಿನಲ್ಲಿ ಹೊಗೆ ತುಂಬಿ, ಮೇಲೆ ಒಂದು ಪೆಂಟಿ ಬೆಲ್ಲದ ಭಾರ ಇಟ್ಟು, ಫ್ರಿಜ್ ರಿಪೇರಿಯವನಿಂದ ನಾನು ತಂದುಕೊಟ್ಟ ಸಣ್ಣ ತಾಮ್ರದ ನಳಿಗೆಯಿಂದ ಹೊಗೆ ಬಿಡುವುದು; ಟ್ಯೂಬು ಬಾಡುವ ಹೊತ್ತನ್ನು ಮೊಬೈಲಿನಲ್ಲಿ ಅಳೆಯುವುದು. ಹೊತ್ತು ಹೆಚ್ಚು ಹಿಡಿದರೆ ಹೊಗೆ ಗಟ್ಟಿ. ಲಗ್ನಕ್ಕೆ ಕರೆಯಲು ಬಂದ ಬೀಗರೂ ಟ್ಯೂಬು ಹಿಡಿದು ಕೂತರು.

ಒಂದು ದಿನ ಫೋನು. "ಮಾಸ್ತರ, ಬಿಸಿ ಮಾಡಿದ್ರ ಪಾಕ ತೆಳ್ಳಗ ಆಗತೈತಿ. ಹೊಗಿ ಉಲ್ಟಾ, ಗಟ್ಟಿ ಆಗಾಕತ್ತೈತಿ!"

"ನಿಮ್ಮ ನಳಿಗ್ಯಾಗ ಮಸಿ ಕಟ್ಟಿರಬೇಕ್ರಿ ಕಾಕಾ," ಎಂದು ನಕ್ಕು, ಸುಮ್ಮನೆ ಪುಸ್ತಕ ತೆರೆದೆ. ಅನಿಲ ಕಾದಷ್ಟೂ ಅದರ ಜಿಗುಟು ಹೆಚ್ಚುತ್ತದಂತೆ! ನಾನೇ ಪಾಠ ಮಾಡುವ ಪುಸ್ತಕ ಅದು.

ಕಾಕಾ ಅಗಲವಾದ ಉದ್ದನೆಯ ಕೊಳವೆ ಜೋಡಿಸಿ, ತಣ್ಣಗಿರಲೆಂದು ಒದ್ದೆ ಗೋಣಿತಟ್ಟು ಸುತ್ತಿ, ತಗಡಿನ ಮೇಲೆ ಹೊರಳಿಸಿದರು. ಎಂಜಿನ್ನಿಗೆ ಉಸಿರು ಕಟ್ಟಲಿಲ್ಲ. ಕಾಕು ಬಂದು ತನ್ನ ಜಾಗದಲ್ಲಿ ಕೂತರು.

"ಇಷ್ಟೆಲ್ಲಾ ಯಾಕ್ರಿ? ಆಕಿ ಕೆಲಸಕ್ಕ ಒಂದಾಳು ಹಚ್ಚಿದ್ರ ಆಗತಿರಲಿಲ್ಲೇನು?" ಎಂದೆ, ನೋಡಲು ಬಂದ ನಾನು.

"ಆಳು ಗೋಣ ಹಾಕ್ತಾನೇನು?" ಎಂದರು ಕಾಕಾ.

ಅಂದೇ ನೋಡಿದ್ದು ನಾನು. ಪಾಕದ ಎಳೆ ಎಳೆದು ಕಾಕಾ ಬೆರಳು ನೋಡಲೇ ಇಲ್ಲ. ಕಾಕುವಿನ ಕಡೆ ನೋಡಿದರು. ಆಕೆ ಮೆಲ್ಲಗೆ, ಹೂಂ ಎನ್ನುವಂತೆ, ಗೋಣು ಹಾಕಿದರು. ಆಮೇಲೆ "ಇಳಸ್ರಿ!"

ನನ್ನ ಕಣ್ಣಲ್ಲಿ ನೀರು. ತಪ್ಪನ್ನು ಹೊಗೆಯ ಮೇಲೆ ಹಾಕೋಣವೆಂದರೆ ಅದು ಆಗಲೇ ತಗಡಿನ ಮೇಲೆ ಹೋಗಿತ್ತು.